ಸಾಲ ತೀರಿದರೂ ತೀರದ ಕಾಗದ: ಅರ್ಜಿಯಲ್ಲಿ ಸುಳ್ಳು ಬರೆದರೆ ಕಾನೂನು ಏನು ಹೇಳುತ್ತದೆ

ಸಾಲದ ಅರ್ಜಿ ತುಂಬುವಾಗ ಎಲ್ಲರೂ ನೋಡುವುದು ಮೊತ್ತ, ಬಡ್ಡಿ, ಕಂತು. ಕೊನೆಯ ಪುಟದ ಘೋಷಣೆ ಓದುವವರು ಕಡಿಮೆ. ‘ಮೇಲಿನ ವಿವರಗಳೆಲ್ಲ ಸತ್ಯ, ಬೇರೆ ಬ್ಯಾಂಕು–ಸೊಸೈಟಿಗಳಲ್ಲಿರುವ ಸಾಲಗಳನ್ನೆಲ್ಲ ತಿಳಿಸಿದ್ದೇನೆ, ಸುಳ್ಳೆಂದು ಕಂಡುಬಂದರೆ ಪೂರ್ತಿ ಸಾಲವನ್ನು ಒಮ್ಮೆಗೇ ವಾಪಸು ಕೇಳಬಹುದು’ ಎಂಬರ್ಥದ ನಾಲ್ಕೈದು ಸಾಲು ಅಲ್ಲಿರುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಲ್ಲಿ ಸಹಿ ಬೀಳುತ್ತದೆ. ಮುಂದೆ ಪ್ರಕರಣ ಏನಾದರೂ ಆದರೆ ವಕೀಲರು ಮೊದಲು ತೆರೆಯುವುದು ಆ ಪುಟವನ್ನೇ.

ಒಂದು ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ಸಾಲ ಕಟ್ಟಲಾಗದಿರುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಶಿರಸಿ–ಸಿದ್ದಾಪುರದ ಕಡೆ ಕೊಳೆ ರೋಗ ಬಂದು ಅರ್ಧ ಫಸಲು ಉದುರಿತು, ಕಾರವಾರದ ಬೈತಖೋಲದಲ್ಲಿ ಮತ್ಸ್ಯಕ್ಷಾಮದಿಂದ ಬೋಟು ದಡದಲ್ಲೇ ನಿಂತಿತು, ಕಂತು ತಪ್ಪಿತು: ಇವೆಲ್ಲ ಸಿವಿಲ್ ವ್ಯವಹಾರ. ನೋಟಿಸು ಬರಬಹುದು, ಅಡವಿಟ್ಟ ಆಸ್ತಿ ಹೋಗಬಹುದು, ಜೈಲಿನ ಮಾತಿಲ್ಲ. ಮಾತು ಕೊಟ್ಟ ಕ್ಷಣದಲ್ಲೇ ಮೋಸದ ಉದ್ದೇಶ ಇದ್ದರೆ ಮಾತ್ರ ವಂಚನೆ, ನಂತರ ಮಾತು ತಪ್ಪಿದ್ದಷ್ಟೇ ವಂಚನೆಯಾಗದು ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ತೀರ್ಪು ಸಾಲಗಾರನ ದೊಡ್ಡ ರಕ್ಷಣೆ. ಆದರೆ ಕಡತದಲ್ಲಿ ಒಂದು ಸುಳ್ಳು ಕಾಗದ ಸಿಕ್ಕಿದರೆ ಅದೇ ತೀರ್ಪು ತಿರುಗಿ ಬೀಳುತ್ತದೆ. ಶುರುವಿನಲ್ಲೇ ಉದ್ದೇಶ ಕೆಟ್ಟದ್ದಿತ್ತು ಎನ್ನಲು ಬ್ಯಾಂಕಿಗೆ ಬೇರೆ ಸಾಕ್ಷಿ ಹುಡುಕುವ ಕಷ್ಟವಿರುವುದಿಲ್ಲ.

ಹಾಗೆಂದು ಅರ್ಜಿಯಲ್ಲಿನ ಪ್ರತಿ ತಪ್ಪೂ ಸುಳ್ಳಲ್ಲ. ‘ಈ ವರ್ಷ ಇಪ್ಪತ್ತು ಕ್ವಿಂಟಲ್ ಚಾಲಿ ಅಡಿಕೆ ಆಗಬಹುದು’ ಎಂದು ಬರೆದು ಹನ್ನೊಂದೇ ಆದರೆ ಅದು ಅಂದಾಜು ತಪ್ಪಿದ್ದು. ಎರಡು ಎಕರೆ ತೋಟವನ್ನು ನಾಲ್ಕು ಎಕರೆ ಎಂದು ಬರೆದರೆ ಅದು ಸಂಗತಿಯನ್ನೇ ತಿರುಚಿದ್ದು. ಪಿನ್‌ಕೋಡ್ ತಪ್ಪಿದ್ದು, ಹುಟ್ಟಿದ ತಾರೀಖಿನಲ್ಲಿ ಅಂಕಿ ಅದಲುಬದಲಾದದ್ದು ಕೈತಪ್ಪು. ಯಾವ ಸಂಗತಿ ಗೊತ್ತಿದ್ದರೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲವೋ, ಅಥವಾ ಕಡಿಮೆ ಕೊಡುತ್ತಿತ್ತೋ, ಅದನ್ನು ಗೊತ್ತಿದ್ದೂ ತಿರುಚುವುದು ಅಥವಾ ಮುಚ್ಚಿಡುವುದು ಕಾನೂನಿನ ಕಣ್ಣಿಗೆ ಬೀಳುವ ಸುಳ್ಳು. ಮುಚ್ಚಿಡುವುದೂ ಸೇರುತ್ತದೆ, ವಂಚನೆಯ ವ್ಯಾಖ್ಯೆಯಲ್ಲೇ ಅಪ್ರಾಮಾಣಿಕವಾಗಿ ಸಂಗತಿ ಮರೆಮಾಚುವುದು ಮೋಸ ಎಂದು ವಿವರಣೆಯಿದೆ. ‘ಕೇಳಲಿಲ್ಲ, ಹೇಳಲಿಲ್ಲ’ ಎನ್ನುವ ಸಮಜಾಯಿಷಿ, ಬೇರೆ ಸಾಲಗಳ ಕಲಂನಲ್ಲಿ ‘ಇಲ್ಲ’ ಎಂದು ಬರೆದವರಿಗೆ ನಡೆಯುವುದಿಲ್ಲ.

ಪಹಣಿಯ ಹನ್ನೊಂದನೇ ಕಲಂ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲೆ ತೋಟ, ಕೆಳಗೆ ಬೋಟು ಮತ್ತು ಸಂಬಳ. ಸುಳ್ಳಿನ ಬಗೆಯೂ ಹಾಗೆಯೇ ಬೇರೆ ಬೇರೆ.

ತೋಟದ ಸಾಲದಲ್ಲಿ ಹೆಚ್ಚಿನ ತಕರಾರು ಒಂದೇ ಜಮೀನಿನ ಮೇಲೆ ಎರಡು ಕಡೆ ಬೆಳೆಸಾಲ ಎತ್ತಿದ್ದರಿಂದ ಬರುತ್ತದೆ. 1974ರ ಕರ್ನಾಟಕ ಕೃಷಿ ಸಾಲ ಕಾಯ್ದೆಯ ಪ್ರಕಾರ ರೈತ ಘೋಷಣೆ ಬರೆದುಕೊಟ್ಟರೆ ಸಾಕು, ಜಮೀನಿನ ಮೇಲೆ ಸಾಲದ ಹೊಣೆ ಕೂರುತ್ತದೆ. ಅದಕ್ಕೆ ಊರಲ್ಲಿ ಬೋಜಾ ಎನ್ನುತ್ತಾರೆ. ಅದು ದಾಖಲಾಗುವುದು ಪಹಣಿಯ 11ನೇ ಕಲಂನಲ್ಲಿ, ಹಕ್ಕುಗಳು ಮತ್ತು ಋಣಗಳು ಎಂಬಲ್ಲಿ. ಹಿಂದೆ ಸೊಸೈಟಿ ಸಾಲ ಕೊಟ್ಟು ಬೋಜಾ ಕೂರುವವರೆಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಆ ಸಂದಿಯಲ್ಲಿ ಖಾಲಿ ಕಲಂನ ಪಹಣಿ ತೆಗೆದಿಟ್ಟುಕೊಂಡು ಪೇಟೆಯ ಬ್ಯಾಂಕಿನಲ್ಲಿ ಇನ್ನೊಂದು ಸಾಲ ಎತ್ತುವುದು ಸಾಧ್ಯವಿತ್ತು. ಈಗ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಯ ಮೂಲಕವೇ ಋಣ ದಾಖಲಾಗುತ್ತದೆ, ಭೂಮಿ ತಂತ್ರಾಂಶದಲ್ಲಿ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಹಳೆ ಪಹಣಿ ಕೊಟ್ಟರೆ ಅದು ಮುಚ್ಚಿಟ್ಟ ತಪ್ಪು. 11ನೇ ಕಲಂ ಅಳಿಸಿ ಜೆರಾಕ್ಸ್ ತೆಗೆದು ಕೊಟ್ಟರೆ ಅದು ಫೋರ್ಜರಿ, ಅಂದರೆ ಸುಳ್ಳು ದಾಖಲೆಯ ಸೃಷ್ಟಿ. ಇವೆರಡರ ನಡುವಿನ ಅಂತರ ಚಿಕ್ಕದೆಂದು ಕಾಣುತ್ತದೆ. ಶಿಕ್ಷೆಯಲ್ಲೂ, ರಾಜಿಯ ಸಾಧ್ಯತೆಯಲ್ಲೂ ಅದು ಬಹಳ ದೊಡ್ಡದು, ಮುಂದೆ ನೋಡೋಣ.

ಎರಡನೆಯದು ಬೆಟ್ಟ. ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ ತೋಟಿಗನಿಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ, ಮಾಲೀಕತ್ವವಲ್ಲ. ಅದನ್ನು ಸ್ವಂತ ಆಸ್ತಿಯ ಪಟ್ಟಿಗೆ ಸೇರಿಸಿ ಎಕರೆ ಹೆಚ್ಚಿಸಿ ತೋರಿಸುವುದು ತಪ್ಪು ಮಾಹಿತಿಯೇ. ಅತಿಕ್ರಮಣ ಜಾಗದ ಮಾತೂ ಅಷ್ಟೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಕ್ಕೆ ಹಕ್ಕು ಬಂದಂತಾಗದು. ಹಕ್ಕುಪತ್ರ ಬಂದ ಮೇಲೂ ಆ ಜಮೀನು ಮಕ್ಕಳಿಗೆ ಹೋಗುತ್ತದೆಯೇ ಹೊರತು ಪರಭಾರೆ ಮಾಡಲು ಬರುವುದಿಲ್ಲ.

ಮೂರನೆಯದು ವಂಶವೃಕ್ಷ. ಅಂಕೋಲಾ, ಕಾರವಾರದ ಕಡೆ ಅಕ್ಕ ತಂಗಿಯರು ಮದುವೆಯಾಗಿ ಮುಂಬಯಿಯಲ್ಲಿ ನೆಲೆಸಿರುವ ಮನೆಗಳು ಬಹಳ. ‘ಅವರೇನು ಕೇಳಲಿಕ್ಕೆ ಬರುತ್ತಾರೆ’ ಎಂದು ಹೆಸರು ಬಿಟ್ಟು ವಂಶವೃಕ್ಷದ ಅಫಿಡವಿಟ್ ಮಾಡಿಸಿ ಪಿತ್ರಾರ್ಜಿತ ಮನೆ ಅಡವಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಪಾಲು. ತಂಗಿ ದಾವೆ ಹಾಕಿದ ದಿನ ಬ್ಯಾಂಕಿಗೆ ತನ್ನ ಭದ್ರತೆಯಲ್ಲಿ ತೂತು ಕಾಣುತ್ತದೆ. ಆಮೇಲೆ ಅಣ್ಣನ ಮೇಲೆ ಎರಡು ಬದಿಯಿಂದ ಪ್ರಕರಣ: ತಂಗಿಯದು ಸಿವಿಲ್, ಬ್ಯಾಂಕಿನದು ಕ್ರಿಮಿನಲ್.

ಕರಾವಳಿಯ ಬೋಟು, ಎಂಜಿನ್, ಐಸ್ ಪ್ಲಾಂಟ್ ಸಾಲಗಳಲ್ಲಿ ಕೊಟೇಶನ್ ಉಬ್ಬಿಸುವುದೇ ಮುಖ್ಯ ದಾರಿ. ಎಂಜಿನ್‌ನ ನಿಜವಾದ ಬೆಲೆ 8 ಲಕ್ಷ ಎಂದಿಟ್ಟುಕೊಳ್ಳಿ. ಸಾಲಗಾರ ಶೇ 20 ಮಾರ್ಜಿನ್ (ತನ್ನ ಕೈಯ ಪಾಲು) ಹಾಕಬೇಕು ಎಂದರೆ ಬ್ಯಾಂಕು ಕೊಡುವುದು 6.4 ಲಕ್ಷ. ಡೀಲರ್ 10 ಲಕ್ಷದ ಕೊಟೇಶನ್ ಬರೆದುಕೊಟ್ಟು, 2 ಲಕ್ಷ ಮಾರ್ಜಿನ್ ಮುಟ್ಟಿದೆ ಎಂದು ರಸೀದಿ ಹರಿದರೆ ಬ್ಯಾಂಕಿನ ಶೇ 80 ಎಂದರೆ 8 ಲಕ್ಷ, ಅಂದರೆ ಎಂಜಿನ್‌ನ ಪೂರ್ತಿ ಬೆಲೆ. ಸಾಲಗಾರನ ಕೈಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ‘ಕಂತು ನಾನೇ ಕಟ್ಟುತ್ತೇನಲ್ಲ, ಯಾರಿಗೆ ನಷ್ಟ?’ ಎಂದು ಕೇಳುತ್ತಾರೆ. ಬ್ಯಾಂಕು ಹೊತ್ತುಕೊಂಡ ಅಪಾಯವನ್ನು ಅದಕ್ಕೆ ತಿಳಿಸದೆ ಹೆಚ್ಚಿಸಿದ್ದೇ ಇಲ್ಲಿ ನಷ್ಟ. ಜಿಎಸ್‌ಟಿ ಬಿಲ್ಲು, ವಿಮೆಯ ಮೌಲ್ಯ, ಡೀಲರನ ಖಾತೆಯ ಜಮೆ, ಮೂರನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ಹೊರಬರುತ್ತದೆ. ಡೀಲರನೂ ಆರೋಪಿಯಾಗುತ್ತಾನೆ, ಒಳಸಂಚಿನ ಕಲಂ ಕೂಡುತ್ತದೆ.

ಸಂಬಳದ ಸಾಲಗಳಲ್ಲಿ ಗುತ್ತಿಗೆ ನೌಕರ ತನ್ನನ್ನು ಕಾಯಂ ಎಂದು ತೋರಿಸುವುದು, ಸಂಬಳ ಚೀಟಿಯಲ್ಲಿ ಕಡಿತಗಳನ್ನು ಅಳಿಸುವುದು, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಪಿಡಿಎಫ್ ತಿದ್ದುವುದು ಸಾಮಾನ್ಯ. ಪಿಡಿಎಫ್ ತಿದ್ದುವುದು ಕಾಗದ ತಿದ್ದಿದಷ್ಟು ಗಂಭೀರವಲ್ಲ ಎಂಬ ಭ್ರಮೆ ಹಲವರಿಗಿದೆ. ಫೋರ್ಜರಿಯ ವ್ಯಾಖ್ಯೆಯಲ್ಲಿ ವಿದ್ಯುನ್ಮಾನ ದಾಖಲೆಯೂ ಸೇರಿದೆ. ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರದ ಮೇಲೆ 18 ಅಂಕಿಯ ಯುಡಿಐಎನ್ (ಆ ಪತ್ರದ ಗುರುತಿನ ಸಂಖ್ಯೆ) ಇರಬೇಕು, ಅದನ್ನು ಬ್ಯಾಂಕು ಒಂದು ನಿಮಿಷದಲ್ಲಿ ಪರೀಕ್ಷಿಸುತ್ತದೆ. ಸಾಲಕ್ಕೆಂದೇ ಎರಡು ವರ್ಷದ ಆದಾಯ ತೆರಿಗೆ ರಿಟರ್ನ್‌ಗಳನ್ನು ಒಂದೇ ವಾರದಲ್ಲಿ ಸಲ್ಲಿಸಿದರೆ ಸ್ವೀಕೃತಿಯ ಮೇಲಿನ ತಾರೀಖೇ ಅನುಮಾನ ಹುಟ್ಟಿಸುತ್ತದೆ. ಇಲ್ಲದ ಆದಾಯ ತೋರಿಸಿದವರು ಅದಕ್ಕೆ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ ಎನ್ನುವುದು ಬೇರೆ ಮಾತು.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಕಾಗದ ಗೃಹಸಾಲದ ಜೊತೆ ಬರುವ ಜೀವವಿಮೆಯ ಆರೋಗ್ಯ ಘೋಷಣೆ. ಸಕ್ಕರೆ ಕಾಯಿಲೆ, ಬೈಪಾಸ್ ಆದದ್ದು ಬರೆಯದೆ ಬಿಡುತ್ತಾರೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿ ಶುರುವಾಗಿ 3 ವರ್ಷದೊಳಗೆ ಸುಳ್ಳು ಸಾಬೀತಾದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಇಲ್ಲಿ ಪೊಲೀಸರು ಬಾರದಿರಬಹುದು. ಆದರೆ ಸಾಲಗಾರ ತೀರಿಕೊಂಡ ಮೇಲೆ ಪೂರ್ತಿ ಸಾಲ ಮನೆಯವರ ತಲೆಗೆ ಬರುತ್ತದೆ.

ಯಾವ ಕಲಂ, ಎಷ್ಟು ಶಿಕ್ಷೆ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದಕ್ಕೂ ಮೊದಲು ಕೊಟ್ಟ ಅರ್ಜಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ, ದೂರು ಈಗ ದಾಖಲಾದರೂ ಸರಿ. ಎಲ್ಲರ ಬಾಯಲ್ಲಿರುವ ‘ಫೋರ್ ಟ್ವೆಂಟಿ’ ಈಗ 318(4): ವಂಚಿಸಿ ಹಣ ಅಥವಾ ಸ್ವತ್ತು ಪಡೆಯುವುದು, 7 ವರ್ಷದವರೆಗೆ ಜೈಲು ಮತ್ತು ದಂಡ. ಬೇರೆಯವರ ಹೆಸರಿನಲ್ಲಿ ಸಾಲ ಎತ್ತಿದರೆ 319, 5 ವರ್ಷದವರೆಗೆ. ವಂಚಿಸಲೆಂದು ದಾಖಲೆ ಸೃಷ್ಟಿಸಿದರೆ 336(3), ಇದೂ 7 ವರ್ಷದವರೆಗೆ. ಹಿಂದೆ ಇದು 468. ಆಸ್ತಿಯ ಕ್ರಯಪತ್ರ, ಉಯಿಲು ಮುಂತಾದ ಬೆಲೆಯುಳ್ಳ ಪತ್ರವನ್ನೇ ಸೃಷ್ಟಿಸಿದರೆ 338, ಜೀವಾವಧಿ ಅಥವಾ 10 ವರ್ಷದವರೆಗೆ. ಸುಳ್ಳು ದಾಖಲೆಯನ್ನು ತಾನು ಮಾಡದಿದ್ದರೂ ಸುಳ್ಳೆಂದು ಗೊತ್ತಿದ್ದು ಬಳಸಿದವನಿಗೆ 340(2)ರಂತೆ ಮಾಡಿದವನಷ್ಟೇ ಶಿಕ್ಷೆ. ‘ನನಗೆ ಮಾಡಿಕೊಟ್ಟದ್ದು ಏಜೆಂಟ್’ ಎನ್ನುವವರು ಈ ಕೊನೆಯ ಕಲಂ ಗಮನಿಸಬೇಕು.

3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಕಾಲಮಿತಿ ಇದೆ. 7 ವರ್ಷದ ಶಿಕ್ಷೆಯಿರುವ ವಂಚನೆಗೆ, ಫೋರ್ಜರಿಗೆ ಅಂಥ ಮಿತಿ ಇಲ್ಲ. ಹತ್ತು ವರ್ಷ ಹಳೆಯ ಕಡತದಿಂದಲೂ ಪ್ರಕರಣ ಏಳಬಹುದು.

ಏಳುವುದು ಯಾವಾಗ ಎಂಬುದೂ ಹೆಚ್ಚುಕಡಿಮೆ ನಿಶ್ಚಿತ. ಕಂತು ಸರಿಯಾಗಿ ಬರುತ್ತಿರುವಷ್ಟು ದಿನ ಹಳೆ ಕಡತ ತೆರೆಯುವ ಕೆಲಸ ಯಾರಿಗೂ ಇರುವುದಿಲ್ಲ. ಕಂತು 90 ದಿನ ನಿಂತು ಖಾತೆ ಎನ್‌ಪಿಎ, ಅಂದರೆ ವಸೂಲಿ ನಿಂತ ಸಾಲ, ಆದಾಗ (ಬೆಳೆಸಾಲಕ್ಕೆ ಬೆಳೆಯ ಅವಧಿಯ ಲೆಕ್ಕ) ಕಡತ ಮೇಲಿನ ಕಚೇರಿಗೆ ಹೋಗುತ್ತದೆ, ಪ್ರತಿ ಕಾಗದವನ್ನೂ ಮೂಲದೊಡನೆ ತಾಳೆ ನೋಡುತ್ತಾರೆ. ಅಂದರೆ ಸಾಲಗಾರನ ಕೈಯಲ್ಲಿ ದುಡ್ಡಿಲ್ಲದ, ವಕೀಲರ ಫೀಸಿಗೂ ಕಷ್ಟವಾದ ಹೊತ್ತಿನಲ್ಲೇ ಸುಳ್ಳು ಹೊರಬೀಳುತ್ತದೆ.

ಪೊಲೀಸರಿಗಿಂತ ಮೊದಲು ಬ್ಯಾಂಕು

ರಿಸರ್ವ್ ಬ್ಯಾಂಕು 2024ರ ಜುಲೈ 15ರಂದು ವಂಚನೆ ಕುರಿತ ನಿರ್ದೇಶನಗಳನ್ನು ಹೊಸದಾಗಿ ಹೊರಡಿಸಿತು. ವಾಣಿಜ್ಯ ಬ್ಯಾಂಕುಗಳಿಗೆ, ಪಟ್ಟಣ ಮತ್ತು ಜಿಲ್ಲಾ ಸಹಕಾರಿ ಬ್ಯಾಂಕುಗಳಿಗೆ, ಹಣಕಾಸು ಕಂಪನಿಗಳಿಗೆ ಬೇರೆ ಬೇರೆಯಾಗಿ. ಖಾತೆಯನ್ನು ‘ವಂಚನೆ’ ಎಂದು ಘೋಷಿಸುವ ಮೊದಲು ಕಾರಣ ಕೇಳಿ ನೋಟಿಸು ಕೊಡಬೇಕು, ಉತ್ತರಕ್ಕೆ ಕನಿಷ್ಠ 21 ದಿನ ಕೊಡಬೇಕು, ಕಾರಣಗಳನ್ನು ವಿವರಿಸಿದ ಆದೇಶ ಹೊರಡಿಸಬೇಕು. 2023ರ ಮಾರ್ಚಿನಲ್ಲಿ ರಾಜೇಶ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಲಗಾರನ ಮಾತು ಕೇಳಲೇಬೇಕು ಎಂದದ್ದರ ಫಲ ಇದು.

ಆ ಮುದ್ರೆ ಬಿದ್ದರೆ ಪರಿಣಾಮ ಕಠಿಣ. ವಂಚಿಸಿದ ಮೊತ್ತವನ್ನು ಪೂರ್ತಿ ಕಟ್ಟಿದ ದಿನದಿಂದ 5 ವರ್ಷ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಯಾವ ಸಂಸ್ಥೆಯಿಂದಲೂ ಸಾಲ ಸಿಗದು. ಗಮನಿಸಿ, ಲೆಕ್ಕ ಶುರುವಾಗುವುದು ಕಟ್ಟಿ ಮುಗಿಸಿದ ಮೇಲೆ. ಹಳ್ಳಿಯ ಪ್ರಾಥಮಿಕ ಸೊಸೈಟಿ ನೇರವಾಗಿ ರಿಸರ್ವ್ ಬ್ಯಾಂಕಿನ ಅಡಿಯಲ್ಲಿ ಬರುವುದಿಲ್ಲ. ಅಲ್ಲಿ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನಡಿ ವಸೂಲಿ ದಾವಾ ನಡೆಯುತ್ತದೆ, ಅದರ ಪಾಡಿಗೆ ಪೊಲೀಸ್ ದೂರೂ ಆಗಬಹುದು.

ದೂರು ಸಾಮಾನ್ಯವಾಗಿ ಶಾಖೆ ಇರುವ ಠಾಣೆಗೆ ಹೋಗುತ್ತದೆ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ 6 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲಿನದು ಸಿಬಿಐಗೆ. 318(4) ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದಲ್ಲ, ಠಾಣೆಯಲ್ಲಿ ಹಕ್ಕಾಗಿ ಸಿಗದು, ನ್ಯಾಯಾಲಯ ಕೊಡಬೇಕು. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಯಾಂತ್ರಿಕವಾಗಬಾರದು, ಮೊದಲು ಹಾಜರಾಗಲು ನೋಟಿಸು ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಆ ನೋಟಿಸಿಗೆ ಹಾಜರಾಗದೆ ಊರು ಬಿಟ್ಟವರು ಆ ರಕ್ಷಣೆಯನ್ನು ತಾವೇ ಕಳೆದುಕೊಳ್ಳುತ್ತಾರೆ.

ಭಟ್ಕಳ, ಕಾರವಾರದಿಂದ ಕೊಲ್ಲಿಗೆ, ಹಡಗಿಗೆ ಹೋಗುವವರಿಗೆ ಇನ್ನೊಂದು ಪೆಟ್ಟು ಇದೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರುವವರಿಗೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕಲಂನಂತೆ ಪಾಸ್‌ಪೋರ್ಟ್ ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ತಂದರೆ ಕೊಡುತ್ತಾರೆ, ಆದರೆ ನ್ಯಾಯಾಲಯ ಅವಧಿ ಹೇಳದಿದ್ದರೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ. ಎರಡು ವರ್ಷದ ಕರಾರಿಗೆ ಹೊರಟವರಿಗೆ ಇದು ಸಾಲದು.

ಕಟ್ಟಿಬಿಟ್ಟರೆ ಮುಗಿಯಿತೇ?

ಹೆಚ್ಚಿನವರು ಎಡವುವುದು ಇಲ್ಲಿ. ಒಂದೇ ಕಂತಿನ ರಾಜಿಗೆ ಒಪ್ಪಿ, ಬೇಬಾಕಿ ಪತ್ರ ಪಡೆದು, ಬೋಜಾ ತೆಗೆಸಿ ಮನೆಗೆ ಹೋಗುತ್ತಾರೆ. ಸಾಲ ಮುಗಿದಿರುತ್ತದೆ, ಪ್ರಕರಣ ಮುಗಿದಿರುವುದಿಲ್ಲ. ವಂಚನೆಯನ್ನು ಮೋಸಹೋದವರು ನ್ಯಾಯಾಲಯದ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಫೋರ್ಜರಿಯಲ್ಲಿ ಆ ದಾರಿ ಇಲ್ಲ. ಹಳೆ ಪಹಣಿ ಕೊಟ್ಟವನಿಗೂ ಕಲಂ ಅಳಿಸಿದವನಿಗೂ ಇರುವ ವ್ಯತ್ಯಾಸ ಇದೇ.

ಫೋರ್ಜರಿ ಪ್ರಕರಣ ರದ್ದಾಗಬೇಕಾದರೆ ಹೈಕೋರ್ಟಿಗೆ ಹೋಗಬೇಕು, ನಮ್ಮ ಜಿಲ್ಲೆಯವರಿಗೆ ಧಾರವಾಡ ಪೀಠ. ಅಲ್ಲೂ ಖಾತ್ರಿಯಿಲ್ಲ. 2008ರ ನಿಖಿಲ್ ಮರ್ಚೆಂಟ್ ಪ್ರಕರಣದಲ್ಲಿ ಬ್ಯಾಂಕಿನೊಡನೆ ರಾಜಿಯಾದ್ದರಿಂದ ಸುಪ್ರೀಂ ಕೋರ್ಟ್ ಪ್ರಕರಣ ರದ್ದು ಮಾಡಿತು. 2014ರ ವಿಕ್ರಮ್ ಅನಂತರಾಯ್ ದೋಶಿ ಪ್ರಕರಣದಲ್ಲಿ, ಸುಳ್ಳು ದಾಖಲೆಯಿಂದ ಬ್ಯಾಂಕಿನ ಹಣ ಪಡೆದವರು ಹಣ ವಾಪಸು ಕಟ್ಟಿದರೆಂಬ ಮಾತ್ರಕ್ಕೆ ಬಿಡಲಾಗದು, ಅದು ಇಡೀ ಸಮಾಜದ ಮೇಲಿನ ಅಪರಾಧ ಎಂದಿತು. ಬ್ಯಾಂಕಿನ ಹಣದ ವಿಷಯದಲ್ಲಿ ಎರಡನೇ ಧಾಟಿಯೇ ಈಗ ಹೆಚ್ಚು ಬಲವಾಗಿದೆ. ಹಾಗಾದರೆ ಕಟ್ಟುವುದು ವ್ಯರ್ಥವೇ? ಅಲ್ಲ. ಜಾಮೀನಿನಲ್ಲಿ, ಶಿಕ್ಷೆಯ ಪ್ರಮಾಣದಲ್ಲಿ ಅದಕ್ಕೆ ತೂಕವಿದೆ. ರಾಜಿಯ ಪತ್ರಕ್ಕೆ ಸಹಿ ಹಾಕುವಾಗ ಬ್ಯಾಂಕು ಕ್ರಿಮಿನಲ್ ದೂರಿನ ಬಗ್ಗೆ ಏನು ಬರೆದಿದೆ ಎಂದು ಓದಿಯೇ ಹಾಕಬೇಕು. ಅನೇಕ ಪತ್ರಗಳಲ್ಲಿ ‘ಕ್ರಿಮಿನಲ್ ಕ್ರಮಕ್ಕೆ ಬಾಧೆಯಿಲ್ಲದೆ’ ಎಂಬ ಮಾತು ಇದ್ದೇ ಇರುತ್ತದೆ.

ಜಾಮೀನುದಾರನ ಸ್ಥಿತಿ ನಿಜಕ್ಕೂ ಕೆಟ್ಟದ್ದು. ಸಾಲಗಾರ ತನ್ನ ಆದಾಯದ ಬಗ್ಗೆ ಸುಳ್ಳು ಹೇಳಿ ನೆಂಟನ ಸಹಿ ಹಾಕಿಸಿಕೊಂಡಿದ್ದರೂ, ಬ್ಯಾಂಕಿಗೆ ಆ ಮೋಸ ಗೊತ್ತಿರದಿದ್ದರೆ ಜಾಮೀನು ಊರ್ಜಿತವೇ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಅವನ ಹೊಣೆ ಸಾಲಗಾರನಷ್ಟೇ. ಮೊದಲು ಸಾಲಗಾರನಿಂದ ವಸೂಲಿ ಮಾಡಿ ಎಂದು ಹೇಳಲೂ ಬರುವುದಿಲ್ಲ. ಕ್ರಿಮಿನಲ್ ಭಾಗದಲ್ಲಿ ಮಾತ್ರ ಅವನಿಗೆ ಉಸಿರಾಡಲು ಜಾಗವಿದೆ: ಸುಳ್ಳು ಅವನಿಗೆ ಗೊತ್ತಿತ್ತು ಎಂದು ತೋರಿಸುವ ಭಾರ ಪ್ರಾಸಿಕ್ಯೂಶನ್ ಮೇಲಿರುತ್ತದೆ.

ಈಗಾಗಲೇ ತಪ್ಪು ವಿವರ ಹೋಗಿದ್ದರೆ

ಹಣ ಬಿಡುಗಡೆಯಾಗದಿದ್ದರೆ ದಾರಿ ಸುಲಭ. ಯಾವ ಕಲಂ ತಪ್ಪು, ಸರಿಯಾದದ್ದೇನು ಎಂದು ಶಾಖೆಗೆ ಪತ್ರ ಬರೆದು, ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ಮ್ಯಾನೇಜರ್ ವರ್ಗವಾಗುತ್ತಾರೆ. ಹಣ ಕೈಸೇರಿದ ನಂತರವಾದರೆ ಪತ್ರ ಬರೆಯುವ ಮೊದಲು ವಕೀಲರನ್ನು ಕಾಣಬೇಕು. ಆ ಪತ್ರವೇ ತಪ್ಪೊಪ್ಪಿಗೆಯಂತೆ ಬಳಕೆಯಾಗಬಹುದು. ಕೈತಪ್ಪನ್ನು ತಿದ್ದುವ ಭಾಷೆ ಬೇರೆ, ಸುಳ್ಳನ್ನು ಒಪ್ಪುವ ಭಾಷೆ ಬೇರೆ.

ಕಾರಣ ಕೇಳುವ ನೋಟಿಸು ಬಂದರೆ ಲಕೋಟೆ ತಲುಪಿದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ನೋಟಿಸು ಆಧರಿಸಿರುವ ತನಿಖಾ ಅಥವಾ ಲೆಕ್ಕಪರಿಶೋಧನಾ ವರದಿಯ ನಕಲು ಕೇಳಿ ಮೊದಲ ವಾರದಲ್ಲೇ ಪತ್ರ ಕಳಿಸಿ, ಅದರಲ್ಲೇ ಹೆಚ್ಚಿನ ಸಮಯವನ್ನೂ ಕೇಳಿ. ಸುಮ್ಮನಿದ್ದರೆ 22ನೇ ದಿನ ಬ್ಯಾಂಕು ತನ್ನಷ್ಟಕ್ಕೆ ಆದೇಶ ಬರೆಯಬಹುದು. ‘ಬ್ಯಾಂಕಿನ ಆದೇಶವನ್ನು ಕೋರ್ಟಿನಲ್ಲಿ ಬೀಳಿಸಿದರೆ ಎಫ್‌ಐಆರ್ ತಾನಾಗಿ ಬೀಳುತ್ತದೆ’ ಎಂಬ ಲೆಕ್ಕವೂ ಬೇಡ. ಎರಡೂ ಬೇರೆ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿಯಾಗಿದೆ.

ಖಾಲಿ ಅರ್ಜಿಗೆ ಸಹಿ ಹಾಕಿ ಏಜೆಂಟರ ಕೈಗೆ ಕೊಡುವ ರೂಢಿ ಪೇಟೆಯಲ್ಲೂ ಹಳ್ಳಿಯಲ್ಲೂ ಇದೆ. ತುಂಬಿದ ಅರ್ಜಿಯ, ಲಗತ್ತಿಸಿದ ಪ್ರತಿ ಕಾಗದದ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಕೊಟ್ಟದ್ದು ಇದು, ಕಡತದಲ್ಲಿರುವುದು ಬೇರೆ ಎಂದು ಮುಂದೊಂದು ದಿನ ತೋರಿಸಲು ಅದೊಂದೇ ಉಳಿಯುತ್ತದೆ. ಸಾಲದ ಕರಾರಿನ ನಕಲು ಮತ್ತು ಮುಖ್ಯಾಂಶಗಳ ಪತ್ರ ಕೇಳಿ ಪಡೆಯಿರಿ.

ನಿಮ್ಮ ಹೆಸರಿನಲ್ಲಿ ಇನ್ಯಾರೋ ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕೂ ಸಾಲ ಮಾಹಿತಿ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಮೂರು ಮೂರು ತಿಂಗಳಿಗೆ ಒಂದೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ದೂರು ಕೊಡಿ, ಠಾಣೆಯಲ್ಲೂ ದಾಖಲಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.